ಕೆಂಪು ಮೇಲೆ, ಹಳದಿ ಕೆಳಗೆ

ಅಪ್ಪ ಕಲಬುರಗಿಯಲ್ಲಿ ಜೀವನವಿಡೀ ಅಂಗಡಿಗಳ ಬೋರ್ಡು ಬರೆದವನು. ಅವ್ವ ತೀರಿಕೊಂಡ ಮೇಲೆ ಬ್ರಷ್ಷು ಮುಟ್ಟಿರಲಿಲ್ಲ. ನಾನು ಕಮಲಾಪುರದ ಶಾಲೆಯೊಂದರಲ್ಲಿ ಟೀಚರ್. ರಾಜ್ಯೋತ್ಸವಕ್ಕೆ ಕಾಂಪೌಂಡ್ ಗೋಡೆಯ ಮೇಲೆ ಕನ್ನಡ ಬಾವುಟ ಬರೆಸಬೇಕೆಂದು ಹೆಡ್‌ಮಾಸ್ತರರು ಹೇಳಿದಾಗ, ಅಪ್ಪನನ್ನೇ ಕರೆತರುತ್ತೇನೆ ಎಂದೆ. ಕೈಗೆ ಕೆಲಸ ಸಿಕ್ಕರೆ ದುಃಖ ಒಂದಿಷ್ಟು ಇಳಿದೀತು ಎಂಬ ಆಸೆ ನನ್ನದು.

ಬಸ್ಸಿನಲ್ಲಿ ಅಪ್ಪ ಕೇಳಿದ, "ಬಾವುಟದ ಬಣ್ಣ ಯಾವ್ದವ್ವಾ?"

ಪ್ರತಿ ವರ್ಷ ಊರ ತುಂಬ ಅದನ್ನೇ ಬರೆಯುತ್ತಿದ್ದವನು! ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. "ಅರಿಶಿಣ, ಕುಂಕುಮ" ಎಂದೆ.

ಅವನನ್ನು ಗೋಡೆಯ ಹತ್ತಿರ ಬಿಟ್ಟು ತರಗತಿಗೆ ಹೋದೆ. ಗಂಟೆ ಹೊಡೆದು ಹೊರಗೆ ಬಂದಾಗ ಮಕ್ಕಳು ಗುಂಪುಗೂಡಿ ನಗುತ್ತಿದ್ದರು. "ಮಿಸ್, ಬಾವುಟ ಉಲ್ಟಾ ಆಗ್ಯಾದ್ರೀ!"

ಕೆಂಪು ಮೇಲಿತ್ತು, ಹಳದಿ ಕೆಳಗಿತ್ತು. ಹೆಡ್‌ಮಾಸ್ತರರೂ ಅಲ್ಲೇ ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇಷ್ಟು ವರ್ಷ ಬರದಿ, ಹಳದಿ ಮ್ಯಾಲ ಬರ್ತದಂತ ಗೊತ್ತಿಲ್ಲೇನಪ್ಪಾ? ಎಲ್ಲಾರ ಮುಂದ ನನ್ನ ಮಾನ ಕಳದಿ!"

ಅಪ್ಪ ಗೋಡೆ ನೋಡಿದ, ನನ್ನನ್ನು ನೋಡಿದ. "ನಿಮ್ಮವ್ವ ಗಲ್ಲಕ್ಕ ಅರಿಶಿಣ ಹಚ್ಕೋತಿದ್ಳು, ಹಣಿಗೆ ಕುಂಕುಮ. ಕುಂಕುಮ ಮ್ಯಾಲ ಇರ್ತಿತ್ತಲ್ಲವ್ವಾ..."

"ಇರ್ಲಿ ಬಿಡ್ರೀ, ಸುಣ್ಣ ಹೊಡ್ದು ಮತ್ತ ಬರಸೋಣು" ಎಂದರು ಹೆಡ್‌ಮಾಸ್ತರರು. ಅಪ್ಪ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೇ ಒರೆಸಿ ಚೀಲಕ್ಕೆ ಹಾಕಿಕೊಂಡ.

ಮರುವಾರ ಬೇರೆ ಪೇಂಟರ್ ಬಂದು ಬಾವುಟ ಬರೆದು ಹೋದ. ಅದಾಗಿ ತಿಂಗಳೊಳಗೆ ಅಪ್ಪ ತಾನು ಹುಟ್ಟಿ ಬೆಳೆದ ಓಣಿಯಲ್ಲೇ ಮನೆ ಸಿಗದೆ ಅಲೆದಾಡಿದ. ಆಸ್ಪತ್ರೆಯಲ್ಲಿ ಡಾಕ್ಟರು ಇದು ಮರೆವಿನ ಕಾಯಿಲೆ, ಶುರುವಾಗಿ ಬಹಳ ದಿನವಾಗಿದೆ ಎಂದರು. ಬಸ್ಸಿನಲ್ಲಿ ಅವನು ಕೇಳಿದ್ದು ತಮಾಷೆಯಾಗಿರಲಿಲ್ಲ.

ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು. ಒಂದು ಮಧ್ಯಾಹ್ನ ಊಟ ಮಾಡಿಸುತ್ತಾ ಹೇಳಿದೆ, "ಅಪ್ಪಾ, ಅವತ್ತು ಮಕ್ಕಳ ಮುಂದ ನಿನಗ ಬೈದೆ. ನಂದು ತಪ್ಪಾತು."

ತುತ್ತು ನುಂಗಿ ನನ್ನ ಮುಖವನ್ನೇ ನೋಡಿದ. "ಯಾರಿಗಿ ಬೈದ್ರೀ ಅಕ್ಕಾವ್ರೇ? ಹಾಂಗ ಬೈಬಾರ್ದ್ರೀ. ಪಾಪ, ಅವ್ರ ಮನಸ್ಸು ನೋಯ್ತದ."

ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅವನು ಬಾಯಿ ತೆರೆದು ಕಾಯುತ್ತಿದ್ದ. ಕಣ್ಣೊರೆಸಿಕೊಂಡು ಮತ್ತೊಂದು ತುತ್ತು ಕಲಸಿದೆ.