ಕೆಸರಿನ ನೆಪ

ನಮ್ಮತ್ತೆಯ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ದಿಂಬಂ ಘಾಟಿಯ ರಸ್ತೆ ಕೆಲಸದಲ್ಲಿ ವರ್ಷಗಟ್ಟಲೆ ಜಲ್ಲಿ ಬಾಂಡ್ಲಿ ಹೊತ್ತು ಆ ಕೀಲು ಸವೆದೇ ಹೋಗಿತ್ತು. ತಲೆ ಬಾಚಿಕೊಳ್ಳಬೇಕಾದರೂ ಕೈಯನ್ನು ತಲೆಗೆ ಒಯ್ಯುವುದಿಲ್ಲ, ತಲೆಯನ್ನೇ ಕೈ ಹತ್ತಿರಕ್ಕೆ ಬಗ್ಗಿಸುತ್ತಿದ್ದರು. ಹಾಗಾಗಿ ಪಂಚಾಯಿತಿ ಮೆಂಬರಾದ ಮೇಲೆ ಮೀಟಿಂಗಿನಲ್ಲಿ ಯಾವ ತೀರ್ಮಾನಕ್ಕಾದರೂ ಅವರು ಎತ್ತುತ್ತಿದ್ದುದು ಎಡಗೈ. ಹಸಿರು ಗಾಜಿನ ಬಳೆಗಳೆಲ್ಲ ಮೊಣಕೈವರೆಗೆ ಗಲ್ ಅಂತ ಜಾರುತ್ತಿದ್ದವು. ಮೊದಲ ದಿನವೇ ಮೇಗಲ ಬೀದಿಯ ಮೆಂಬರೊಬ್ಬರು ಮುಖ ಸಿಂಡರಿಸಿ, "ಒಳ್ಳೆ ಕೆಲ್ಸಕ್ಕ ಎಡಗೈ ಎತ್ತದಾ?" ಅಂದರಂತೆ. "ಬಲಗೈನ ನಿಮ್ ರೋಡ್ಗೇ ಕೊಟ್ಬುಟ್ಟಿನಿ ಕಣಪ್ಪ, ಮಿಕ್ಕಿರದ್ನ ಎತ್ತಿನಿ" ಅಂತ ಅತ್ತೆ ಹೇಳಿದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ನಮ್ಮೂರು ತಾಳಮಲೆ ಕಡೆಯ ಕಾಡಿನ ಅಂಚಿನಲ್ಲಿದೆ. ಆಡುವುದು ಕನ್ನಡ, ಸೇರಿರುವುದು ತಮಿಳು ರಾಜ್ಯಕ್ಕೆ. ಇರುವುದು ಎರಡೇ ಬೀದಿ. ಮೇಗಲ ಬೀದಿ ಹೊಲಮನೆ ಇರುವ ಒಕ್ಕಲು ಮಕ್ಕಳದು. ಕೆಳಗಲ ಬೀದಿ ಅವರ ಹೊಲಗಳಲ್ಲೇ ಕೂಲಿ ಮಾಡುವ ನಮ್ಮದು. ಮಳೆ ಬಂದರೆ ಮೇಗಲ ಬೀದಿಯ ನೀರು, ಅವರ ಕೊಟ್ಟಿಗೆಯ ಗಂಜಳ, ಪಾತ್ರೆ ತೊಳೆದ ಬಚ್ಚಲ ನೀರು, ಎಲ್ಲಕ್ಕೂ ನಮ್ಮ ಬೀದಿಯೇ ದಾರಿ. ನಾನು ಗೆಟ್ಟವಾಡಿಯಿಂದ ಮದುವೆಯಾಗಿ ಬಂದ ದಿನ ವ್ಯಾನು ಬೀದಿಯ ತಲೆಯಲ್ಲೇ ನಿಂತುಬಿಟ್ಟಿತು. ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಕೆಸರಿನಿಂದ ಒಂದು ಕಾಲು ಕಿತ್ತು ಇನ್ನೊಂದು ಇಡುತ್ತಾ ಗಂಡನ ಮನೆಗೆ ಬಂದವಳು ನಾನು. ನಮ್ಮವ್ವ ಅಲ್ಲೇ ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಆ ವ್ಯಾನೊಂದೇ ಅಲ್ಲ, ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. ಸೂಜಿ ಹಾಕುವ ನರ್ಸಮ್ಮ ಅಲ್ಲಿ ನಿಂತು ಮಕ್ಕಳನ್ನು ಎತ್ತಿಕೊಂಡು ಬನ್ನಿ ಎಂದು ಕೂಗುತ್ತಿದ್ದರು. ಪೋಸ್ಟಿನವನು ಅಲ್ಲಿಂದಲೇ ಬೆಲ್ಲು ಹೊಡೆಯುತ್ತಿದ್ದ. ಸರ್ಕಾರದವರು ಮನೆಗೊಂದು ಕಲರ್ ಟಿವಿ ಕೊಟ್ಟ ವರ್ಷ ಆ ಲಾರಿಯೂ ಅಲ್ಲೇ ನಿಂತು, ನಾವು ಟಿವಿ ಡಬ್ಬವನ್ನು ಕೂಸಿನ ಹಾಗೆ ಅವುಚಿಕೊಂಡು ಜಾರುತ್ತಾ ಬಂದೆವು. ಮೇಗಲ ಬೀದಿಯವರಂತೂ ಕೇಳಲೇಬೇಡಿ. ಮದುವೆ ಕರೆಯಲು ಬಂದರೂ ಅಲ್ಲೇ, ನಮ್ಮಲ್ಲಿ ಸಾವಾದರೆ ಕೈ ಮುಗಿಯುವುದೂ ಅಲ್ಲೇ. ಕೇಳಿದರೆ, "ಕೆಸ್ರು ಕಣವ್ವ, ಕಾಲಿಡಕ್ಕಾಗದಾ?" ಬೇಸಿಗೆಯಲ್ಲಿ ಕೆಸರಿಲ್ಲವಲ್ಲ ಅಂದರೆ ಧೂಳು ಅನ್ನುತ್ತಿದ್ದರು. ಅಸಲು ಕಾರಣ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕೆಸರು ಇಬ್ಬರ ಮಾನವನ್ನೂ ಮುಚ್ಚಿಟ್ಟಿತ್ತು.

ಅತ್ತೆ ಮಾತ್ರ ಅದನ್ನು ಮುಚ್ಚಿಡಲು ಬಿಡಲಿಲ್ಲ. ನಮ್ಮ ವಾರ್ಡು ಹೆಂಗಸರಿಗೆ ಅಂತಾದಾಗ, ಹೆಬ್ಬೆಟ್ಟು ಒತ್ತುವ ಮುದುಕಿ, ಕರೆದಾಗ ಬಂದು ಕೂತು ಹೋಗುತ್ತಾಳೆ ಅಂತ ಮೇಗಲ ಬೀದಿಯವರೇ ಅವರನ್ನು ಮುಂದೆ ತಳ್ಳಿದರು. ಪಾಪ, ಆಳು ಯಾರು ಅಂತ ಅವರಿಗೆ ತಿಳಿದಿರಲಿಲ್ಲ. ಗೆದ್ದ ದಿನ ಅತ್ತೆ ಒಲೆ ಮುಂದೆ ಕೂತು ನನಗೆ ಹೇಳಿದ್ದು ಇಷ್ಟೇ: "ರೋಡು ನಾವ್ ಆಚ್ಗ ಓಗಕ್ಕಲ್ಲ ಕಣ ಕೂಸು, ನಾವು ಎಂಗೋ ಓಗ್ಬತ್ತಿಂವಿ. ಅವ್ರು ಒಳಿಕ್ ಬರಕ್ಕ. ಕೆಸ್ರು ಓಗ್ಲಿ, ಆಮ್ಯಾಕ ಏನ್ ನೆಪ ಯೋಳ್ತರೋ ನೋಡವ."

ಪಂಚಾಯಿತಿಯಲ್ಲಿ ಮಾತೆಲ್ಲ ಕನ್ನಡದಲ್ಲೇ, ಬರೆಯುವುದು ಮಾತ್ರ ತಮಿಳಿನಲ್ಲಿ. ಕ್ಲರ್ಕು ಘಾಟಿಯ ಕೆಳಗಿನವರು, ನಮ್ಮ ಮಾತು ಕಲಿತಿದ್ದರು. ತೀರ್ಮಾನವನ್ನು ಒಂದೇ ಉಸಿರಿಗೆ ತಮಿಳಿನಲ್ಲಿ ಓದಿ, ಕೊನೆಗೆ "ನಿರೈವೇಟ್ರಪ್ಪಟ್ಟದು" ಅಂದುಬಿಡುತ್ತಿದ್ದರು. ಪಾಸಾಯಿತು ಅಂತ. ಕೈಗಳು ಆಮೇಲೆ ಏಳುತ್ತಿದ್ದವು. ಅತ್ತೆ ಎಂದೂ ಹಾಗೆ ಕೈ ಎತ್ತಿದವರಲ್ಲ. "ನಮ್ ಮಾತ್ನಲ್ಲಿ ಇನ್ನೊಂದ್ಸಲ ಯೋಳಪ್ಪ" ಅನ್ನುತ್ತಿದ್ದರು. ಪ್ರತಿ ಸಲ, ಬೀದಿ ದೀಪಕ್ಕೆ ಬಲ್ಬು ತರುವ ತೀರ್ಮಾನಕ್ಕೂ. ಮಿಕ್ಕವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಾನೂ ಒಂದು ದಿನ ಕೇಳಿದೆ, "ನಿಮಗೆ ತಮಿಳು ಬರಲ್ವಾ ಅತ್ತೆ, ಸತ್ಯಮಂಗಲದ ಸಂತೆಯಲ್ಲಿ ವ್ಯಾಪಾರಿಗಳನ್ನ ಅಷ್ಟು ಬೈತೀರಲ್ಲ?" ಅತ್ತೆ ಬಾಯಿಯ ಎಲೆಅಡಿಕೆ ಉಗಿದು ನಕ್ಕರು. "ಬತ್ತದ ಕಣ, ಸಂದಾಗೇ ಬತ್ತದ. ದಿಟವಾದ್ರ ಎಲ್ಡು ಸಲ ಯೋಳುದ್ರೂ ಒಂದೇ ತರ ಬತ್ತದ. ಸುಳ್ಳು ಎಲ್ಡ್ನೇ ಸಲಕ್ಕ ತಡವರಿಸ್ತದ. ಅದ್ಕೇ ಯೋಳುಸ್ತಿನಿ." ಇಂಥ ಹೆಂಗಸಿನ ಕೈಕೆಳಗೆ ನಾನು ಸೊಸೆ. ಸಾರಿಗೆ ಉಪ್ಪು ಹಾಕಿದ್ದೀನಿ ಅಂತ ನಾನು ಸುಳ್ಳು ಹೇಳಿದರೂ ದಕ್ಕುತ್ತಿರಲಿಲ್ಲ.

ಒಂದು ವರ್ಷ ಒಂದು ಬೀದಿಗೆ ಸಿಮೆಂಟ್ ರೋಡು ಹಾಕಲು ಮಂಜೂರಾಯಿತು. ಒಂದೇ ಬೀದಿಗೆ. ಮೇಗಲ ಬೀದಿಗೆ ಅಂತ ಕ್ಲರ್ಕು ಆಗಲೇ ಬರೆದಿಟ್ಟಿದ್ದರಂತೆ. ಅತ್ತೆ ಕನ್ನಡದಲ್ಲಿ ಹೇಳಿಸಿ, ಕೇಳಿ, ಕೈ ಎತ್ತದೆ ಕೂತರು. ಒಬ್ಬರ ಕೈ ಏಳದಿದ್ದರೂ ತೀರ್ಮಾನ ಮುಂದಕ್ಕೆ ಹೋಗುವುದು ಅಲ್ಲಿನ ರೂಢಿ. ಮುಂದಿನ ಮೀಟಿಂಗಿನಲ್ಲೂ ಹಾಗೇ. ಅದರ ಮುಂದಿನದಕ್ಕೆ ನಮ್ಮ ಬೀದಿಯ ಹೆಂಗಸರೆಲ್ಲ ಹೋಗಿ ಪಂಚಾಯಿತಿ ಕಿಟಕಿಯ ಹೊರಗೆ ನಿಂತೆವು. ಅತ್ತೆ ಎದ್ದು, "ನಿಮ್ ನೀರ್ಗ ಇಷ್ಟ್ ವರ್ಸ ದಾರಿ ಕೊಟ್ಟಂವಿ. ನಮ್ ಬೀದಿ ಮಕ್ಳ್ ಕಾಲ್ಗ ನೀವ್ ಒಂದ್ ದಾರಿ ಕೊಡಿ" ಅಂದರು. ಕೂಗಾಡಲಿಲ್ಲ. ಪ್ರೆಸಿಡೆಂಟರು ಮೇಗಲ ಬೀದಿಯವರೇ, ನಾವೆಲ್ಲ ಅವರ ಹೊಲದಲ್ಲಿ ಈರುಳ್ಳಿ ಕಿತ್ತವರೇ. ಕೆಟ್ಟ ಮನುಷ್ಯರಲ್ಲ, ಆದರೆ ತಮ್ಮವರೆದುರು ಬಾಯಿ ಬಿಡುವಷ್ಟು ಧೈರ್ಯ ಸಾಲದು. ಅವತ್ತು ಏನು ಮನಸ್ಸಿಗೆ ಬಂತೋ, ಯಾರ ಮುಖವನ್ನೂ ನೋಡದೆ ಕೈ ಎತ್ತಿಬಿಟ್ಟರು. ಅವರ ಹಿಂದೆ ಮಿಕ್ಕ ಕೈಗಳೂ ಎದ್ದು ರೋಡು ನಮಗಾಯಿತು.

ಸಿಮೆಂಟ್ ಲಾರಿ ಘಾಟಿ ಹತ್ತಿ ಬಂದ ದಿನ ನಮ್ಮ ಬೀದಿಯಲ್ಲಿ ಯಾರೂ ಕೂಲಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಬೀದಿಯ ತುದಿವರೆಗೂ ರೋಡು ಬಂತು. ತುದಿಯಲ್ಲಿರುವುದೇ ನಮ್ಮ ಮನೆ. ಕೊನೆಯ ಬಾಂಡ್ಲಿ ನಮ್ಮ ಬಾಗಿಲ ಮುಂದೆ ಬಿದ್ದಾಗ ಹೊತ್ತು ಮುಳುಗುತ್ತಿತ್ತು. ಕಂಟ್ರಾಕ್ಟ್ರು ಮಿಷಿನ್ನು ಲಾರಿಗೆ ಏರಿಸಿ, ನೀರು ಹಾಕಿಸಲು ಯಾರನ್ನೂ ಬಿಡದೆ, ಜೀಪು ಹತ್ತಿ ಹೋದ. ನೀರು ಕಾಣದ ಸಿಮೆಂಟು ಬಿರುಕು ಬಿಡುತ್ತದೆ ಅಂತ ಬೀದಿಯವರಿಗೆಲ್ಲ ಗಾಬರಿ. ಎಲ್ಲರಿಗಿಂತ ಹೆಚ್ಚು ಗಾಬರಿ ಅತ್ತೆಗೆ. ಘಾಟಿ ಕೆಲಸದಲ್ಲಿ ಸಿಮೆಂಟಿನ ಮೇಲೆ ಹುಲ್ಲು ಹರಡಿ ನೀರು ಚಿಮುಕಿಸಿದ್ದನ್ನು ಕಂಡಿದ್ದರು. ಅದನ್ನು ಮಾರನೆಯ ದಿನ ಗಟ್ಟಿಯಾದ ಮೇಲೆ ಹರಡುವುದು. ಅತ್ತೆಗೆ ಅಷ್ಟು ತಾಳ್ಮೆ ಇರಲಿಲ್ಲ. ಪ್ರೆಸಿಡೆಂಟರ ಮೆದೆಯಿಂದ ರಾಗಿ ಹುಲ್ಲು ಬೇಡಿ ತರಿಸಿ, ಅವತ್ತೇ ಸಂಜೆ ಉದ್ದಕ್ಕೂ ಹರಡಿಸಿ ನೀರು ಹಾಕಿಸಿದರು. ಒಳ್ಳೆ ಹಾಸಿಗೆ ಹಾಸಿದ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲೇ ಇಲ್ಲ. ನೀರು ಬಿದ್ದ ಹಸಿ ಹುಲ್ಲಿನ ವಾಸನೆ ಕಾಡಿಗೆ ಹೋಗಿ ಆನೆಯನ್ನು ಕರೆದುಕೊಂಡು ಬಂದಿತ್ತು. ಬೀದಿಯ ತುದಿಯಿಂದ ನಡುವಿನವರೆಗೆ ನಿಧಾನವಾಗಿ ಮೇಯ್ದುಕೊಂಡು ಹೋಗಿದೆ ಮಹಾರಾಯ. ಅಂಚುಗಳು ಮುರಿದು ಬಿದ್ದಿದ್ದವು, ಬಿರುಕು ಬಿಟ್ಟಿತ್ತು. ನಮ್ಮ ಬಾಗಿಲ ಮುಂದೆಯಂತೂ ಮೊರದಗಲದ ಹೆಜ್ಜೆಗಳು ಒತ್ತಿದ್ದು ಒತ್ತಿದ ಹಾಗೇ ಇದ್ದವು. ಆನೆಗೆ ಬೆದರಿ ಹೊಲದಲ್ಲಿ ಅಟ್ಟಣೆ ಕಟ್ಟಿ ಕಾಯುವ ನಾವು, ನಮ್ಮ ಮನೆ ಬಾಗಿಲಿಗೇ ಅದಕ್ಕೆ ಎಲೆ ಹಾಕಿ ಊಟಕ್ಕೆ ಕರೆದಿದ್ದೆವು! ಮೇಗಲ ಬೀದಿಯವರು ತಂಡ ತಂಡವಾಗಿ ಬಂದು, ಬೀದಿ ತಲೆಯಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಹೆಜ್ಜೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು, ಬೆಳಗಿನ ಕಾಫಿಯನ್ನೂ ಮುಟ್ಟಲಿಲ್ಲ.

ಕಂಟ್ರಾಕ್ಟ್ರಿಗೆ ಇದು ಕೇಳಿ ಪಡೆದ ವರ ಆಯಿತು. ಆನೆ ತುಳಿದದ್ದಕ್ಕೆ ನಾನು ಹೊಣೆಯಲ್ಲ, ಕೆಲಸ ಮುಗಿಯಿತು, ಬಿಲ್ಲು ಪಾಸು ಮಾಡಿ ಅಂದ. ಪಾಸಾಗಿಬಿಟ್ಟರೆ ಮುಗಿದೇ ಹೋಯಿತು. ಆ ಬೀದಿಗೆ ಒಂದು ಸಲ ರೋಡು ಹಾಕಿದ್ದಾಗಿದೆ ಅಂತ ಬರೆದುಕೊಂಡರೆ ನಮ್ಮ ಕಾಲಕ್ಕೆ ಇನ್ನೊಂದು ರೋಡಿಲ್ಲ. ಮುರಿದ ಸಿಮೆಂಟಿನ ಸಂದಿಯಲ್ಲಿ ಮತ್ತೆ ಅದೇ ಕೆಸರು.

ಮೀಟಿಂಗಿನ ದಿನ ನಾವು ಮತ್ತೆ ಕಿಟಕಿಯಲ್ಲಿ. ಕ್ಲರ್ಕು ತಮಿಳಿನಲ್ಲಿ ಸರ್ರನೆ ಓದಿ ಪಾಸಾಯಿತು ಅಂದರು. "ನಮ್ ಮಾತ್ನಲ್ಲಿ ಯೋಳಪ್ಪ" ಅಂದರು ಅತ್ತೆ, ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಕ್ಲರ್ಕು ಕನ್ನಡದಲ್ಲಿ ಶುರು ಮಾಡಿದರು: "ಕೆಳಗಲ ಬೀದಿ ರೋಡು ಚೆನ್ನಾಗಿ ಆಗಿದೆ... ಆನೆ ಬಂದು ಒಡೆದಿದೆ... ಒಡೆದಿದ್ದರೂ ಚೆನ್ನಾಗಿದೆ..." ಅಂದು ನಿಂತುಬಿಟ್ಟರು. ಕಿಟಕಿಯಲ್ಲಿ ನಮಗೆ ನಗು. ಆಗ ಕಂಟ್ರಾಕ್ಟ್ರು ಎದ್ದು, "ನಾನೇನಮ್ಮ ಮಾಡ್ಲಿ? ಹುಲ್ಲು ಹಾಕಿ ಆನೆ ಕರೆದವರು ನೀವು" ಅಂದ. ಈಗ ಒಳಗಿದ್ದವರೆಲ್ಲ ನಕ್ಕರು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು.

ಅತ್ತೆ ಎದ್ದು ನಿಂತರು.

"ಔದು, ಉಲ್ಲಾಕ್ಸಿದ್ದು ನಾನು. ಒಂದಿನ ತಡಿಬೇಕಾಗಿತ್ತು, ತಡಿನಿಲ್ಲ. ಕಾಡ್ ಮಗ್ಗುಲ್ಲೇ ಉಟ್ಟಿ ಇಲ್ಲೇ ಮುದ್ಕಿಯಾದಿ, ಆನ ಉಲ್ಗ ಬತ್ತದ ಅಂತ ನಂಗ ಒಳಿನಿಲ್ಲ. ತಪ್ಪು ನಂದು. ಬರ್ಕಳಪ್ಪ, ನನ್ ಎಸ್ರಾಕಿ ಬರ್ಕ."

ಅಯ್ಯೋ ಈ ಮುದುಕಿಗೆ ಏನು ಬಂತು, ತಾನಾಗಿ ಕೊರಳು ಒಡ್ಡುತ್ತಿದ್ದಾಳಲ್ಲ ಅಂತ ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಒಳಗೆ ನಗು ನಿಂತುಹೋಗಿತ್ತು. ಕ್ಲರ್ಕು ಪೆನ್ನು ಹಿಡಿದು ಪ್ರೆಸಿಡೆಂಟರ ಮುಖ ನೋಡುತ್ತಿದ್ದರು. ಆ ಪಂಚಾಯಿತಿಯೊಳಗೆ ಯಾವ ಮೆಂಬರೂ ತಪ್ಪು ನಂದು ಅಂದದ್ದಿಲ್ಲ, ಅದನ್ನು ಹೇಗೆ ಬರೆಯುವುದು ಅಂತ ಅವರಿಗೆ ತಿಳಿಯಲಿಲ್ಲ. ಅತ್ತೆ ಕೂರಲಿಲ್ಲ. ಒಬ್ಬೊಬ್ಬರನ್ನೇ ನೋಡಿ, "ನಂದು ಆಯ್ತು. ಇನ್ನು ಮಿಕ್ದೋರ್ದು ಯೋಳಿ" ಅಂದರು.

ಪ್ರೆಸಿಡೆಂಟರು ಮೇಜು ನೋಡುತ್ತಲೇ ಅಂದರು, "ನೀರಾಕ್ಸದು ಕಂಟ್ರಾಕ್ಟ್ರು ಕೆಲ್ಸ. ಆಕ್ಸುದ್ರಾ ಅಂತ ಕೇಳದು ನನ್ ಕೆಲ್ಸ. ನಾನ್ ಕೇಳ್ನಿಲ್ಲ. ಅದು ನಂದು." ಆಮೇಲೆ ತಲೆ ಎತ್ತಿ ಕಂಟ್ರಾಕ್ಟ್ರನ್ನು ನೋಡಿದರು. ಎಲ್ಲರೂ ನೋಡಿದರು. ಅವನು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡು, ಆಳು ಬಿಡಬೇಕಿತ್ತು, ಬಿಡಲಿಲ್ಲ ಅಂದ. ಒಡೆದಷ್ಟನ್ನೂ ಅವನೇ ಮತ್ತೆ ಹಾಕಿಕೊಡಬೇಕು, ಅಗೆಯುವ ಕೆಲಸಕ್ಕೆ ನಮ್ಮ ಬೀದಿಯವರು ಕೂಲಿಯಿಲ್ಲದೆ ಬರಬೇಕು, ಅಲ್ಲಿಯವರೆಗೆ ಬಿಲ್ಲಿಲ್ಲ ಅಂತ ತೀರ್ಮಾನವಾಯಿತು. ಈ ಸಲ ಕ್ಲರ್ಕು ಯಾರೂ ಕೇಳುವ ಮೊದಲೇ ಕನ್ನಡದಲ್ಲಿ ಓದಿದರು, ಎಲ್ಲೂ ತಡವರಿಸಲಿಲ್ಲ.

ನನಗೆ ಎದೆ ಉಬ್ಬಿದ್ದು ಆಗ. ಈ ಹೆಂಗಸಿನ ಸೊಸೆ ನಾನು ಅಂತ ಆ ಕಿಟಕಿಯಿಂದಲೇ ಕೂಗಿ ಹೇಳಬೇಕು ಅನ್ನಿಸಿತು. ಮನೆಗೆ ಬರುವ ದಾರಿಯಲ್ಲಿ, "ತಪ್ಪೊಪ್ಪಿಕೊಂಡು ಗೆದ್ದವರನ್ನ ನಾನು ಎಲ್ಲೂ ನೋಡಿಲ್ಲ ಅತ್ತೆ" ಅಂದೆ. "ಗೆದ್ದದೇನ ಬಂತು? ನಂದ್ನ ಮುಚ್ಚಿಟ್ಕಂಡು ಅವ್ರದ್ನ ಎಂಗವ್ವ ಕೇಳನಾ?" ಅಂದವರು, ರಾಗಿ ಬೀಸಿದ್ದೀಯೋ ಇಲ್ಲವೋ ಅಂತ ನನ್ನನ್ನೇ ಬೈಯಲು ಶುರು ಮಾಡಿದರು.

ರೋಡು ಮತ್ತೆ ಬಿತ್ತು. ಈ ಸಲ ಮೇಲೆ ಹಾಸಿದ್ದು ಒದ್ದೆ ಗೋಣಿಚೀಲ. ನರ್ಸಮ್ಮ ಮನೆ ಬಾಗಿಲಿಗೆ ಬರತೊಡಗಿದರು, ಪೋಸ್ಟಿನವನ ಸೈಕಲ್ಲೂ ಬಂತು. ಮೇಗಲ ಬೀದಿಯವರು ಬರಲಿಲ್ಲ. ಕೂಲಿಗೆ ಕರೆಯುವಾಗ ಹಳೆಯ ಅಭ್ಯಾಸದಂತೆ ಬೀದಿ ತಲೆಯಲ್ಲೇ ನಿಂತು ಕೂಗುತ್ತಿದ್ದರು. ಅತ್ತೆ ಅದನ್ನು ನೋಡುತ್ತಲೇ ಅಂಗಳ ಗುಡಿಸಿದ ಕೈಯಲ್ಲೇ ರೋಡನ್ನೂ ಗುಡಿಸಿ ಬರುತ್ತಿದ್ದರು.

ಅತ್ತೆ ತೀರಿಕೊಂಡದ್ದು ಎಡೆಬಿಡದೆ ಮಳೆ ಹಿಡಿದ ಕಾಲದಲ್ಲಿ. ಹಿಂದಾಗಿದ್ದರೆ ಮೊಣಕಾಲುದ್ದ ಕೆಸರು. ಅವತ್ತು ಬೆಳಿಗ್ಗೆ ಮಳೆ ಬಿಟ್ಟು ರೋಡು ತೊಳೆದಿಟ್ಟ ಹಾಗಿತ್ತು. ಮೇಗಲ ಬೀದಿಯ ಗಂಡಸರು ಬಂದರು, ಎಂದಿನಂತೆ ಬೀದಿಯ ತಲೆಯಲ್ಲಿ ನಿಂತು ಕೈ ಮುಗಿದರು. ಅವರ ನಡುವಿನಿಂದ ಪ್ರೆಸಿಡೆಂಟರು, ಆಗ ಅವರು ಪ್ರೆಸಿಡೆಂಟಾಗಿ ಇರಲಿಲ್ಲ, ಒಬ್ಬರೇ ನಡೆದುಕೊಂಡು ನಮ್ಮ ಮನೆವರೆಗೂ ಬಂದರು. ಅತ್ತೆಯ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ತಮ್ಮವರ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಅಲ್ಯಾಕ್ ನಿಂತಿದ್ದರಿ? ಕೆಸ್ರಿಲ್ಲ, ಬನ್ರಪ್ಪ!"

ಅಲ್ಲಿಯವರೆಗೆ ತಡೆದಿದ್ದ ಅಳು ನನಗೆ ಆಗ ಬಂತು. ನಿಂತಿದ್ದವರು ಒಂದು ಸಲ ತಮ್ಮ ಕಾಲನ್ನು ನೋಡಿಕೊಂಡರು, ಒಂದು ಸಲ ರೋಡನ್ನು ನೋಡಿದರು. ಕೆಲವರು ನಡೆದು ಬಂದರು, ಮೊದಲು ಮೆಲ್ಲಗೆ, ಆಮೇಲೆ ಸರಾಗವಾಗಿ. ಕೆಲವರು ತಿರುಗಿ ಮನೆಗೆ ಹೋದರು. ಹೋದವರು ಯಾರೂ ನೆಪ ಹೇಳಲಿಲ್ಲ. ಹೇಳಲು ನಮ್ಮತ್ತೆ ಅವರಿಗೆ ಒಂದನ್ನೂ ಉಳಿಸಿರಲಿಲ್ಲ.