ತೊಟ್ಟಿಲ ಪದದ ನಡುವಿನ ಎರಡು ಸೆಕೆಂಡು

ನಡುವಿನ ತೂತಿಗೆ ತೋರುಬೆರಳು ತೂರಿಸಿ, ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಆಗಷ್ಟೇ ಹಾಡು ಬರೆದ ಸಿಡಿಯನ್ನು ಕಿಟಕಿಯ ಬೆಳಕಿಗೆ ಒಡ್ಡಿ ಅವರು ನಿಧಾನವಾಗಿ ತಿರುಗಿಸುತ್ತಿದ್ದರು. ಒಂದು ಕಣ್ಣು ಮುಚ್ಚಿರುತ್ತಿತ್ತು, ಕೆಳತುಟಿ ಹಲ್ಲಿನಡಿ ಸಿಕ್ಕಿರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ನೋಡುವವರ ಮುಖ ಅದು. ಬಣ್ಣ ಒಂದೇ ಸಮ ಇದೆಯೇ, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ನೋಡಿ "ಹ್ಞೂಂ" ಎಂದರೆ ಪಾಸು. ಏನೂ ಅನ್ನದಿದ್ದರೆ ಆ ಸಿಡಿ ಪಾರಿವಾಳ ಓಡಿಸಲು ದಾರ ಕಟ್ಟಿಸಿಕೊಂಡು ಗ್ಯಾಲರಿಯಲ್ಲಿ ನೇತಾಡುತ್ತಿತ್ತು.

ಡೊಂಬಿವಲಿಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ನಾನು ಮೈಸೂರಿನಿಂದ ಸೊಸೆಯಾಗಿ ಬಂದವಳು. ಅವರು ನನ್ನ ಗಂಡನ ಮನೆಯವರ ಹಾಗೆ ವಿಜಯಪುರದ ಕಡೆಯವರು. ಇಡೀ ಕಟ್ಟಡ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಅಂದೆ. ಠಾಣೆ ನಗರದ ಒಂದು ಕಚೇರಿಗೆ ಟೈಪಿಸ್ಟಾಗಿ ಸೇರಿ, ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು, ನಿವೃತ್ತಿಯಾಗಿ ಒಬ್ಬರೇ ಇದ್ದರು. ಬಾಯಿ ಜೋರು. ಲಿಫ್ಟಿನಲ್ಲಿ ಎಲೆಅಡಿಕೆ ಉಗುಳಿದವನನ್ನು ನಾಲ್ಕನೇ ಮಹಡಿಯವರೆಗೆ ಮರಾಠಿಯಲ್ಲಿ ಬೈಯುತ್ತಾ ಹತ್ತಿಸಿ, ಒರೆಸಲು ಅವನನ್ನೇ ಕೆಳಗಿಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡದ್ದೂ ಸಿಟ್ಟಿನಿಂದಲೇ. ಭಜನಾ ಮಂಡಳಿಯ ಹೆಂಗಸರು ಹಾಡು ತುಂಬಿಸಿಕೊಡಿ ಎಂದು ತರುವ ಪೆನ್‌ಡ್ರೈವ್‌ಗಳ ಜೊತೆ ವೈರಸ್ಸೂ ಬರುತ್ತಿತ್ತು. "ಮಂದಿ ಹೊಲಸು ನನ್ನ ಮನಿಯಾಗ ಯಾಕ?" ಎಂದು ಒಂದು ದಿನ ಹಳೆಯದನ್ನೆಲ್ಲ ಅಳಿಸಿ ಆ ವೈರಸ್ಸು ತಾಗದ ಲಿನಕ್ಸ್ ತುಂಬಿಕೊಂಡರು. ಸಿಡಿ ಬರೆಯುವ ತಂತ್ರಾಂಶವೂ ಅದರಲ್ಲೇ ಇತ್ತು. ಅವಸರ ಮಾಡುವವರಿಗೆ ಅವರದು ಒಂದೇ ಮಾತು: "ಸಿಡಿ ಸುಡೂದು ಅಂದ್ರ ರೊಟ್ಟಿ ಸುಟ್ಟಂಗ. ಉರಿ ಜೋರ ಮಾಡಿದ್ರ ಮ್ಯಾಲ ಕರಕ, ಒಳಗ ಹಸಿ." ಹಾಗಾಗಿ ಅತಿ ಕಡಿಮೆ ವೇಗಕ್ಕೆ ಇಟ್ಟು, ಅದು ಮುಗಿಯುವವರೆಗೆ ಕಂಪ್ಯೂಟರಿನ ಮೇಜನ್ನು ಯಾರೂ ಮುಟ್ಟದಂತೆ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು.

ಅವರ ಬಳಿ ಒಂದು ಕ್ಯಾಸೆಟ್ಟಿತ್ತು. ಅವರ ತಾಯಿ ಹಾಡಿದ ತೊಟ್ಟಿಲ ಪದ. ಹೆಸರಿಡುವ ದಿನ ಹೆಂಗಸರು ಎದುರುಬದುರು ನಿಂತು ಕೂಸನ್ನು ತೊಟ್ಟಿಲ ಕೆಳಗಿನಿಂದ ಆಚೆಗೆ ಕೊಡುತ್ತಾರೆ, ಮೇಲಿನಿಂದ ಈಚೆಗೆ ತೆಗೆದುಕೊಳ್ಳುತ್ತಾರೆ. ಈ ಪದ ಆಗಿನದು. ಒಂದು ನುಡಿಗೆ ಕೂಸು ಕೆಳಗೆ ಇಳಿಯಬೇಕು, ಮುಂದಿನ ನುಡಿಗೆ ಮೇಲೆ ಬರಬೇಕು. ಆ ತಾಯಿ ಒಂದು ನುಡಿಯ ಕೊನೆಯ ಅಕ್ಷರವನ್ನು ಎಳೆಯುತ್ತಾ ಎಳೆಯುತ್ತಾ ಅದರಲ್ಲೇ ಮುಂದಿನ ನುಡಿ ಎತ್ತಿಬಿಡುತ್ತಿದ್ದರು. ಉಸಿರು ಎಲ್ಲಿ ತೆಗೆದುಕೊಂಡರೋ ಗೊತ್ತೇ ಆಗುತ್ತಿರಲಿಲ್ಲ. ಕೂಸು ಕೈಯಿಂದ ಕೈಗೆ ಹೋಗುವಾಗ ಪದ ನಿಲ್ಲಬಾರದು ಎಂದು ಆ ತಾಯಿ ಹೇಳುತ್ತಿದ್ದರಂತೆ. ಮಾವಶಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕ್ಯಾಸೆಟ್ಟಿನ ಟೇಪು ತುಂಡಾಯಿತು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು.

ಮಂಡಳಿಯ ಹೆಂಗಸರು ಆ ಪದ ನಮಗೂ ಬೇಕೆಂದರು. ಕಲಿಯುವವರಿಗೆ ಸುಲಭವಾಗಲೆಂದು ಮಾವಶಿ ಅದನ್ನು ನುಡಿನುಡಿಯಾಗಿ ಬಿಡಿಸಿ, ಒಂದೊಂದು ನುಡಿಯನ್ನೂ ಬೇರೆ ಹಾಡಾಗಿಸಿ ಸಿಡಿ ಮಾಡಿದರು. ಪ್ರತಿ ನುಡಿಯ ಮೊದಲ ಸಾಲು ಕೇಳಿ, ಸರಿಯಿದೆ ಎಂದು ಹಂಚಿದರು. ಕಲ್ಯಾಣ, ನೌಪಾಡಾ, ವಾಶಿ ಎಲ್ಲ ಕಡೆಗೂ ಹೋಯಿತು. ನನ್ನ ಮಗಳು ಹುಟ್ಟುವ ಮೊದಲಿನ ಮಾತು ಇದು.

ಮಗಳ ಹೆಸರಿಡುವ ದಿನ ಮಂಡಳಿಯ ಪ್ಲೇಯರ್ ತಂದು ಅದೇ ಸಿಡಿ ಹಾಕಿದರು. ಮೊದಲ ನುಡಿಗೆ ಕೂಸು ತೊಟ್ಟಿಲ ಕೆಳಗೆ ಹೋಯಿತು. ಪದ ನಿಂತಿತು. ಹೆಂಗಸರ ಕೈಗಳೂ ನಿಂತವು. ಎರಡು ಸೆಕೆಂಡಿಗೆ ಏನು ಮಹಾ ಎನ್ನಬಹುದು. ನನ್ನ ಕೂಸು ನಾಲ್ಕು ಕೈಗಳ ಮೇಲೆ ತೊಟ್ಟಿಲ ಕೆಳಗಿನ ಕತ್ತಲಲ್ಲಿತ್ತು, ಅದು ಕಿಟಾರನೆ ಕಿರುಚಿತು. ಎರಡನೇ ನುಡಿ ಶುರುವಾಗಿ ಕೂಸು ಮೇಲೆ ಬಂತು. ಮೂರನೆಯ ನುಡಿ ಮುಗಿದಾಗಲೂ ಹಾಗೇ ಆಯಿತು. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಮಾವಶಿಯ ಮುಖ. ಅವರು ನನ್ನ ಕೂಸಿನ ಕಡೆ ನೋಡುತ್ತಿರಲಿಲ್ಲ, ಪ್ಲೇಯರಿನ ಕಡೆ ನೋಡುತ್ತಿದ್ದರು. ಊಟಕ್ಕೂ ನಿಲ್ಲದೆ ಪ್ಲೇಯರ್, ಸಿಡಿ ಎರಡನ್ನೂ ಎತ್ತಿಕೊಂಡು ಮನೆಗೆ ಹೋದರು.

ಬಾಣಂತಿಯಾಗಿ ಮನೆಯಲ್ಲೇ ಇದ್ದ ನನಗೆ ಮುಂದಿನದೆಲ್ಲ ಎದುರು ಬಾಗಿಲಲ್ಲೇ ಕಾಣುತ್ತಿತ್ತು. ಮೊದಲು ಪ್ಲೇಯರಿನ ಮೇಲೆ ಅನುಮಾನಪಟ್ಟು ಅದರ ಲೆನ್ಸು ಒರೆಸಿದರು. ಅಂಗಡಿಯಿಂದ ಕೊಂಡ ಸಿಡಿ ಹಾಕಿದರೆ ಸರಿಯಾಗಿಯೇ ಹಾಡಿತು, ಪ್ಲೇಯರಿನ ತಪ್ಪಲ್ಲ. ಖಾಲಿ ಸಿಡಿ ಅಗ್ಗದ್ದಿರಬೇಕೆಂದು ಒಳ್ಳೆಯದನ್ನು ತಂದು ಬರೆದರು. ಪದದ ಹಿಂದೆ ಕೇಳುತ್ತಿದ್ದ ಚರಪರ ಸದ್ದು ಹೋಯಿತು, ನಿಲುಗಡೆ ಹೋಗಲಿಲ್ಲ. ನುಡಿಗಳ ಕೊನೆಯಲ್ಲಿ ಮೌನ ಉಳಿದಿರಬೇಕೆಂದು ಒಂದೊಂದನ್ನೂ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದರು. ಎಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಆ ತಂತ್ರಾಂಶದ ಒಂದು ಮೂಲೆಯಲ್ಲಿ. ಹಾಡುಗಳನ್ನು ಒಂದೊಂದಾಗಿ ಬರೆಯಬೇಕೋ, ಇಡೀ ಸಿಡಿಯನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಬರೆಯಬೇಕೋ ಎಂದು ಅಲ್ಲಿ ಕೇಳುತ್ತದೆ. ಒಂದೊಂದಾಗಿ ಎಂದರೆ ಪ್ರತಿ ಹಾಡಿನ ನಡುವೆ ಎರಡು ಸೆಕೆಂಡು ಮೌನವನ್ನು ಅದೇ ತುಂಬಿಸುತ್ತದೆ. ಒಂದೊಂದಾಗಿ ಎಂಬುದಕ್ಕೆ ಅದು ಮೊದಲೇ ಹಾಕಿಟ್ಟಿದ್ದ ಗುರುತನ್ನು ಮಾವಶಿ ಬದಲಿಸದೆ ಹಾಗೇ ಬಿಟ್ಟಿದ್ದರು.

ಗುರುತು ಬದಲಿಸಿ ಹೊಸ ಸಿಡಿ ಸುಟ್ಟು ನಮ್ಮ ಮನೆಗೆ ತಂದು ಹಾಕಿದರು. ಪದ ಎಳೆಯುತ್ತಾ ಎಳೆಯುತ್ತಾ ಮುಂದಿನ ನುಡಿಗೆ ಜಾರಿತು. ಮುಗಿಯುವವರೆಗೆ ನಿಂತೇ ಕೇಳಿದರು.

"ನಮ್ಮವ್ವ ಎಲ್ಲೂ ನಿಂತಿಲ್ಲ ನೋಡವಾ. ಆಕೀನ್ನ ನಾ ನಿಂದ್ರಿಸೀನಿ."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಕೋಪ ಬಂತು, ತಮ್ಮ ಮೇಲೆಯೇ. ಮರುವಾರದಿಂದಲೇ ಹೊಸ ಸಿಡಿಗಳನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು ಲೋಕಲ್ ರೈಲು ಹತ್ತತೊಡಗಿದರು. ಹಳೆಯದನ್ನು ಕೊಡಿ, ಇದನ್ನು ಇಟ್ಟುಕೊಳ್ಳಿ ಎಂದು ಎಲ್ಲರ ಬಾಗಿಲಿಗೂ ಹೋದರು. ಮಾಜಿವಾಡಾದಲ್ಲಿ ಕಟ್ಟಡ ಕಟ್ಟುವ ಕಡೆ ತಗಡಿನ ಶೆಡ್ಡುಗಳಲ್ಲಿದ್ದ ಕಲಬುರಗಿಯ ಹೆಂಗಸರು ಹಳೆಯದನ್ನು ಕೂಡಲೇ ತೆಗೆದುಕೊಟ್ಟು ಚಹಾ ಕುಡಿಸಿ ಕಳಿಸಿದರಂತೆ. ತಕರಾರು ಬಂದದ್ದು ನಮ್ಮ ಮಂಡಳಿಯಿಂದಲೇ.

ಮಂಡಳಿಯ ಅಧ್ಯಕ್ಷೆ ಕರಾವಳಿಯವರು, ಒಳ್ಳೆಯ ದನಿ, ಒಳ್ಳೆಯ ರೇಷ್ಮೆ ಸೀರೆ. ಸಿಡಿ ಕೇಳಿಯೇ ಪದ ಕಲಿತು, ಸಿಡಿ ನಿಂತಲ್ಲಿ ತಾವೂ ನಿಂತು, ಇತರರಿಗೂ ಹಾಗೇ ಕಲಿಸಿದ್ದರು. ಅಷ್ಟು ಹೊತ್ತಿಗೆ ಆ ನಿಲುಗಡೆಗೆ ಒಂದು ಕೆಲಸವನ್ನೂ ಹಚ್ಚಿಯಾಗಿತ್ತು. ಪದ ನಿಂತಾಗ ತೊಟ್ಟಿಲ ಮೇಲೆ ಅಕ್ಷತೆ ಹಾಕುವುದು. ಹೊಸ ಸಿಡಿ ಹಿಡಿದು ಹೋದ ಮಾವಶಿಗೆ ಅವರು ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

"ಎಂತಕ್ಕೆ ಮಾವಶಿ, ಎರಡು ಸೆಕೆಂಡಿಗೆ ಇಷ್ಟು ರಂಪ? ಈಗ ಎಲ್ಲರಿಗೂ ಹಾಗೇ ರೂಢಿ ಆಗಿದೆ. ಅದು ನಮ್ಮ ಪದ್ಧತಿ ಅಂತಲೇ ಇಟ್ಟುಕೊಳ್ಳಿ."

ಪದ್ಧತಿಯಂತೆ! ಯಾರ ಪದ್ಧತಿ? ಒಂದು ತಂತ್ರಾಂಶದ ಮೂಲೆಯಲ್ಲಿ ಹಾಗೇ ಉಳಿದ ಗುರುತಿನ ಪದ್ಧತಿ. ಮೈಮರೆತು ಉಪ್ಪು ಹೆಚ್ಚು ಹಾಕಿದ ಸಾರನ್ನೇ ನಮ್ಮ ಕುಲದ ರುಚಿ ಎಂದು ಬಡಿಸುವವರಿಗೆ ಏನನ್ನಬೇಕು? ತಪ್ಪು ಮಾಡಿದವರೇ ಮನೆಬಾಗಿಲಿಗೆ ಬಂದು ತಪ್ಪೆಂದು ಹೇಳುತ್ತಿದ್ದಾರೆ, ಇವರು ಅದನ್ನು ಕೇಳದೆ ಆ ತಪ್ಪಿಗೇ ಅಕ್ಷತೆ ಹಾಕುತ್ತಾರೆ. ನಾನು ಬಾಯಿ ತೆರೆದೆ. ಮಾವಶಿ ನನ್ನ ಕೈ ಅದುಮಿದರು. ಲಿಫ್ಟಿನಲ್ಲಿ ಉಗುಳಿದವನನ್ನು ಬಿಡದ ಹೆಂಗಸು ಅಲ್ಲಿ ಸಿಡಿಯನ್ನು ಟೀಪಾಯಿಯ ಮೇಲಿಟ್ಟು ಹೊರಟುಬಿಟ್ಟರು. ತಮ್ಮ ಕೈಯಿಂದ ಆದ ತಪ್ಪಿಗೆ ಇನ್ನೊಬ್ಬರನ್ನು ಬೈಯುವ ಬಾಯಿ ಅವರಿಗಿರಲಿಲ್ಲ.

ಆಮೇಲೆ ಸಿಡಿಯೇ ಹೋಯಿತು, ಎಲ್ಲರ ಕೈಗೂ ಮೊಬೈಲ್ ಬಂತು. ಯಾರೋ ಪುಣ್ಯಾತ್ಮರು ಹಳೆಯ ಸಿಡಿಯನ್ನೇ ಪ್ಲೇಯರಿಗೆ ಹಾಕಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ವಾಟ್ಸಾಪಿಗೆ ಬಿಟ್ಟರು. ಮಾವಶಿ ಸರಿಯಾದದ್ದನ್ನೂ ಕಳಿಸಿದರು. ಕೆಲವರು ಹೆಬ್ಬೆರಳು ಎತ್ತಿ ತೋರಿಸಿದರು, ಹಳೆಯದನ್ನೇ ಮುಂದಕ್ಕೆ ಕಳಿಸಿದರು. ಮಂಡಳಿಯಲ್ಲಿ ಅವರಿಗೆ ಎರಡು ಸೆಕೆಂಡಿನ ಮಾವಶಿ ಎಂದು ಹೆಸರಾಯಿತು. ನಗುನಗುತ್ತಲೇ ಅನ್ನುತ್ತಿದ್ದರು, ನಗುವಂಥದ್ದು ಅದರಲ್ಲೇನಿತ್ತೋ ನನಗಂತೂ ಕಾಣಲಿಲ್ಲ. ಇವರು ಆಡಿಕೊಳ್ಳುತ್ತಿದ್ದದ್ದು ತಾಯಿಯ ದನಿಯನ್ನು ಸರಿಮಾಡಲು ಮೊಣಕಾಲು ನೋವಿನಲ್ಲೂ ರೈಲು ನಿಲ್ದಾಣಗಳ ಸೇತುವೆ ಹತ್ತಿ ಇಳಿಯುತ್ತಿದ್ದ ಹೆಂಗಸನ್ನು.

ಹೋದ ಮಳೆಗಾಲದಲ್ಲಿ ಮಾವಶಿ ತೀರಿಕೊಂಡರು. ಹೃದಯದ ತೊಂದರೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಬಟ್ಟೆಚೀಲ ಹಾಗೇ ನೇತಾಡುತ್ತಿತ್ತು, ಒಳಗೆ ಯಾರಿಗೂ ಬೇಡವಾದ ಸಿಡಿಗಳು. ಮಂಡಳಿಯವರು ಬಂದು ಭಜನೆ ಮಾಡಿದರು, ಅಧ್ಯಕ್ಷೆ ಕಣ್ಣೊರೆಸಿಕೊಂಡರು. ಅವರ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಅಷ್ಟು ಪ್ರೀತಿಯಿದ್ದವರು ಮಾವಶಿ ಬದುಕಿದ್ದಾಗ ಆ ಎರಡು ಸೆಕೆಂಡನ್ನು ಬಿಟ್ಟುಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಕಳೆದ ತಿಂಗಳು ಅಧ್ಯಕ್ಷೆಯ ಮೊಮ್ಮಗಳಿಗೆ ವಾಶಿಯಲ್ಲಿ ಹೆಸರಿಡುವ ಕಾರ್ಯಕ್ರಮ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳೀಗ ಆರನೇ ಕ್ಲಾಸು. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಹೆಂಗಸರು ಎದುರುಬದುರು ನಿಂತರು. ಸಿಡಿ ಇಲ್ಲ, ಮೊಬೈಲಿಲ್ಲ, ಎಲ್ಲರಿಗೂ ಬಾಯಿಪಾಠ. ಮೊದಲ ನುಡಿಗೆ ಕೂಸು ತೊಟ್ಟಿಲ ಕೆಳಗೆ ಇಳಿಯಿತು. ಇಡೀ ಕೋಣೆ ನಿಂತಿತು. ಅಧ್ಯಕ್ಷೆ ಅಕ್ಷತೆಗೆ ಕೈ ಹಾಕಿದರು.

ನಾನು ನಿಲ್ಲಿಸಲಿಲ್ಲ. ನನ್ನ ದನಿ ಒಡಕು, ಶ್ರುತಿ ಎಂದರೆ ಎತ್ತ ಎಂದು ಕೇಳುವವಳು ನಾನು. ಆದರೂ ಕೊನೆಯ ಅಕ್ಷರವನ್ನು ಎಳೆದೆ, ಆ ತಾಯಿ ಎಳೆದ ಹಾಗೆ, ಉಸಿರು ಕಟ್ಟುವವರೆಗೂ ಎಳೆದು ಅದರಲ್ಲೇ ಮುಂದಿನ ನುಡಿ ಎತ್ತಿದೆ. ಒಬ್ಬಳೇ. ಎಲ್ಲರೂ ತಿರುಗಿ ನೋಡಿದರು. ಮಗಳು ನನ್ನ ಸೆರಗು ಜಗ್ಗಿದಳು. ತೊಟ್ಟಿಲ ಆಚೆ ನಿಂತಿದ್ದ ಹುಡುಗಿ, ಬಾಣಂತಿಯ ತಂಗಿಯಿರಬೇಕು, ಪದ ನಡೆದಿದೆಯಲ್ಲ ಎಂದು ಕೂಸನ್ನು ಮೇಲೆತ್ತಿಕೊಂಡಳು. ಅಧ್ಯಕ್ಷೆಯ ಅಕ್ಷತೆ ಮುಷ್ಟಿಯಲ್ಲೇ ಉಳಿಯಿತು. ಕೂಸನ್ನು ಕೆಳಗಿಳಿಸಿದಾಗಲೆಲ್ಲ ಉಳಿದವರು ನಿಂತರು, ನಾನು ಹಾಡಿದೆ.

ವಾಪಸು ಬರುವಾಗ ಲೋಕಲ್ಲಿನಲ್ಲಿ ಮಗಳು ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ಮಮ್ಮಾ, ಸಬ್ ತುಮ್ಹೇ ದೇಖ್ ರಹೇ ಥೇ."

"ನೋಡಲಿ," ಎಂದೆ. "ಆ ಎರಡು ಸೆಕೆಂಡು ಮಾವಶಿಯ ಅವ್ವನದು."