ಭಾವನ ಇಂಜಿನ್ನು, ಬಾಮೈದನ ಗೇರ್ ಬಾಕ್ಸು

ಚನ್ನೇಶನಿಗಿದ್ದ ಆಸ್ತಿ ಎರಡೇ: ಹನ್ನೊಂದು ವರ್ಷ ಹಳೆಯ ಡೀಸೆಲ್ ಪಿಕಪ್ಪು, ಅದರ ಸೀಟಿನ ಕೆಳಗೆ ಸುರುಳಿ ಸುತ್ತಿಟ್ಟ ನೀಲಿ ನೈಲಾನ್ ಹಗ್ಗ. ಪಿಕಪ್ಪು ಅವನದು, ಹಗ್ಗ ಭಾವನದು. ವಾರಕ್ಕೆ ಆರು ದಿನ ತುಮಕೂರಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಿಂತು ಕೇಳಿದವರಿಗೆಲ್ಲ ನಟ್ಟು ಬೋಲ್ಟು ತೆಗೆದುಕೊಟ್ಟು, ಶೆಟ್ಟಿಹಳ್ಳಿಯ ಬಾಡಿಗೆ ಮನೆಗೆ ಬಂದು ಮುದ್ದೆ ನುಂಗಿ, ಆಮೇಲೆ ತಪ್ಪದೆ ಭಾವನನ್ನು ನೆನೆದು ಹಲ್ಲು ಕಡಿಯುತ್ತಿದ್ದ. ಇಷ್ಟು ಸಣ್ಣ ಸಂಬಳದವನಿಗೆ ಇಷ್ಟು ದೊಡ್ಡ ಸೇಡು ಯಾಕೆ ಎಂದು ಅವನಿಗೇ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಜೀವನದಲ್ಲಿ ದೊಡ್ಡದು ಅಂತ ಒಂದಾದರೂ ಇರಲಿ ಬಿಡು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ನಡೆದದ್ದು ಇಷ್ಟು. ಕುಣಿಗಲ್ ರಸ್ತೆಯಿಂದ ಒಳಕ್ಕೆ ಹೋದರೆ ಗುಡ್ಡದ ಮೇಲೊಂದು ಮಠ. ವರ್ಷಕ್ಕೊಮ್ಮೆ ದೊಡ್ಡ ದಾಸೋಹದ ದಿನ ಬೆಳಿಗ್ಗೆಯೇ ಭಕ್ತರ ಊರುಗಳಿಂದ ತರಕಾರಿ, ರಾಗಿ, ತೆಂಗಿನಕಾಯಿ ಹೇರಿದ ಗಾಡಿಗಳು ಏರು ಹತ್ತುತ್ತವೆ. ಮೊದಲು ಅಂಗಳ ಮುಟ್ಟಿದ ಗಾಡಿಗೆ ಹಾರ. ಆ ಊರಿನ ತರಕಾರಿಯೇ ಮೊದಲ ಸಾರಿನ ಕೊಪ್ಪರಿಗೆಗೆ. ಊರಿನ ಹೆಸರು ಮೈಕಿನಲ್ಲಿ. ಹೋದ ವರ್ಷ ಗುಬ್ಬಿ ಕಡೆಯ ತನ್ನೂರು ಹಾಗಲವಾಡಿಯ ಕುಂಬಳಕಾಯಿ ತುಂಬಿಕೊಂಡು ಎಲ್ಲರಿಗಿಂತ ಮುಂದೆ ಹೊರಟಿದ್ದ ಚನ್ನೇಶ, ನಡು ಏರಿನಲ್ಲಿ ಮೂರರಿಂದ ಎರಡಕ್ಕೆ ಗೇರು ಬೀಳದೆ ನಿಂತುಬಿಟ್ಟ. ಹಿಂದೆ ಅಮೃತೂರಿನ ತೆಂಗಿನಕಾಯಿ ಹೊತ್ತು ಬಂದವನು ಅಕ್ಕ ನಂದಿತಾಳ ಗಂಡ ಪ್ರಭುದೇವ. ಅವನದೂ ಅದೇ ಕಂಪನಿಯ, ಅಷ್ಟೇ ಹಳೆಯ ಪಿಕಪ್ಪು. ಹಗ್ಗ ಕಟ್ಟಿ ಎಳೆದ.

ಎಳೆದದ್ದು ಉಪಕಾರವೇ. ಆದರೆ ಮೈಕಿನವನು, "ಅಮೃತೂರಿನ ಸದ್ಭಕ್ತರು ಬಂದಿದ್ದಾರೆ, ಅವರು ಎಳೆದುಕೊಂಡು ಬಂದ ಹಾಗಲವಾಡಿಯ ಸದ್ಭಕ್ತರೂ ಬಂದಿದ್ದಾರೆ" ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಸಾರಿದ. ಬೆಳಗಿನ ಉಪ್ಪಿಟ್ಟಿನ ಪಂಕ್ತಿಯಲ್ಲಿ ಕೂತಿದ್ದವರು ಎಲೆ ಬಿಟ್ಟು ತಲೆಯೆತ್ತಿ ನಕ್ಕರು. ಹೊರಡುವಾಗ ಭಾವ ಹಗ್ಗ ಬಿಚ್ಚಿ ಚನ್ನೇಶನ ಕೈಗಿಟ್ಟು, "ಇಟ್ಕಳಪ್ಪ ಬಾಮೈದ, ಮುಂದಿನ್ ವರ್ಷಕ್ಕೂ ಬೇಕಾಯ್ತದೆ" ಅಂದ.

ಆ ಮಾತನ್ನು ಅದೇ ಹಗ್ಗದ ಜೊತೆ ವಾಪಸ್ ಕೊಡಬೇಕು. ಚನ್ನೇಶನ ಒಂದು ವರ್ಷದ ಬದುಕೆಲ್ಲ ಇದೇ.

ದಾಸೋಹಕ್ಕೆ ಎರಡು ತಿಂಗಳಿದೆ ಅನ್ನುವಾಗ ಗಾಡಿಯನ್ನು ಶೆಟ್ಟಿಹಳ್ಳಿಯ ಮೆಕ್ಯಾನಿಕ್ ಅಂಜಿನಪ್ಪನ ಗ್ಯಾರೇಜಿಗೆ ತಂದು ನಿಲ್ಲಿಸಿದ. ಅಲ್ಲಿ ಅದೇ ಕಂಪನಿಯ ದೊಡ್ಡ ಗಾಡಿಯೊಂದು ಗುಜರಿಗೆ ಬಂದಿತ್ತು. ಅದರ ಇಂಜಿನ್ನು, ಗೇರ್ ಬಾಕ್ಸು ಬೇರೆ ಬೇರೆ ಬಿಚ್ಚಿ ನೆಲಕ್ಕಿಟ್ಟಿದ್ದರು.

"ಅಂಜಿನಪ್ಪಣ್ಣ, ಆ ಇಂಜಿನ್ ನನ್ ಗಾಡಿಗೆ ಕೂರ್ಸಿ. ಏರಲ್ಲಿ ನಮ್ ಭಾವನ ಮುಖಕ್ಕೆ ಹೊಗೆ ಹೊಡೀಬೇಕು."

ಅಂಜಿನಪ್ಪ ಗಾಡಿಯ ಕೆಳಗೆ ತೂರಿ ಗೇರ್ ಬಾಕ್ಸಿನ ಆಯಿಲ್ ಇಳಿಸಿದ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿಣಮಿಣ ಅಂದಿತು. ಸಂಜೆಯ ಹೊತ್ತಿಗೆ ಗೇರ್ ಬಾಕ್ಸು ಬಿಚ್ಚಿ ಹರಡಿದ.

"ಮೂರ್ನೇ ಗೇರಿನ ಹಲ್ಲು ನೋಡು. ನಮ್ಮಜ್ಜಿ ಬಾಯಲ್ಲೂ ಇದಕ್ಕಿಂತ ಜಾಸ್ತಿ ಅವೆ. ಇಂಜಿನ್ ಗುಂಡ್‌ಕಲ್ಲು ಇದ್ದಂಗೈತೆ ಕಣೋ. ಇಳಿಜಾರಲ್ಲಿ ನ್ಯೂಟ್ರಲ್ ಬಿಡ್ತೀಯ ಅಲ್ವಾ?"

"ಡೀಸೆಲ್ ಉಳಿಯುತ್ತಲ್ಲಣ್ಣ."

"ಡೀಸೆಲ್ ಉಳೀತು, ಗೇರು ಸತ್ತೋಯ್ತು. ಗಾಡಿ ಓಡ್ತಿರೋವಾಗ ದಬಕ್ ಅಂತ ಗೇರಿಗೆ ಹಾಕಿ ಹಾಕಿ ನೀನೇ ಕೊಂದಿದೀಯ. ಯಾವನ್ಲಾ ಕಲ್ಸಿದ್ದು?"

ಕಲಿಸಿದ್ದು ಸೋದರಮಾವ ಅಡವಿಯಪ್ಪ. ಇಳಿಜಾರು ಕಂಡರೆ ಸಾಕು, ಗಾಡಿಯನ್ನು ನ್ಯೂಟ್ರಲ್ಲಿಗೆ ಬಿಟ್ಟು ಕೈಕಟ್ಟಿ ಕೂರುವುದೇ ಒಳ್ಳೆ ಡ್ರೈವರನ ಲಕ್ಷಣ ಎಂದು ನಂಬಿದ್ದ ಮಹಾನುಭಾವ. ಒಂದು ವರ್ಷ ಭಾವನನ್ನು ಬೈದದ್ದರಲ್ಲಿ ಅರ್ಧ ತನಗೇ ಸೇರಬೇಕಿತ್ತು ಅಂತ ಚನ್ನೇಶನಿಗೆ ಆ ಕ್ಷಣ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಒರೆಸಿಹಾಕಿದ.

"ಹಂಗಾದ್ರೆ ಈ ಗೇರ್ ಬಾಕ್ಸನ್ನೇ ರಿಪೇರಿ ಮಾಡಿ, ಮೇಲೆ ದೊಡ್ಡ ಇಂಜಿನ್ ಹಾಕಿದ್ರೆ?"

"ಮೊದ್ಲು ಆರ್‌ಟಿಓಗೆ ಅಲೀಬೇಕು, ಇಂಜಿನ್ ನಂಬರ್ ಬದಲಾಯ್ತದಲ್ಲ. ಅದು ಹೋಗ್ಲಿ ಬುಡು. ಅಷ್ಟು ಬಲಾನ ಈ ಡಬ್ಬ ತಡೀಬೇಕಲ್ಲ? ಲೋಡ್ ಹಾಕ್ಕಂಡು ಏರು ಹತ್ತಿದ್ ದಿನ ಒಳಗಿರೋದೆಲ್ಲ ಹುರಿಗಡಲೆ ಪುಡಿ. ನಿನ್ ಇಂಜಿನ್ ಇರ್ಲಿ, ಆ ದೊಡ್ಡ ಗಾಡಿ ಗೇರ್ ಬಾಕ್ಸ್ ಹಾಕಿಸ್ಕೋ. ಗುಡ್ಡಾನೇ ಕಟ್ಟಿದ್ರೂ ಎಳೀತದೆ."

ಮಾತು ನ್ಯಾಯವಾಗಿತ್ತು. ಚನ್ನೇಶನ ಸಂಕಟ ನ್ಯಾಯದ್ದಲ್ಲ. ಇಂಜಿನ್ನಾದರೆ ಬಾನೆಟ್ ಎತ್ತಿ ತೋರಿಸಬಹುದು, ಗುಡುಗು ಕೇಳಿಸಬಹುದು. ಗೇರ್ ಬಾಕ್ಸು ಹೊಟ್ಟೆಯ ಕೆಳಗೆ ಕೂರುವ ವಸ್ತು. ಯಾರಿಗೂ ಕಾಣದ ಸೇಡು ಎಂಥ ಸೇಡು? ಹೀಗೆ ಕೊರಗುತ್ತ ನೆಲದ ಮೇಲಿದ್ದ ಎರಡನ್ನೂ ನೋಡುತ್ತಿದ್ದವನಿಗೆ ತಟ್ಟನೆ ಇನ್ನೊಂದು ನೆನಪಾಯಿತು. ಭಾವನಿಗೂ ಡ್ರೈವಿಂಗ್ ಕಲಿಸಿದ್ದು ಅದೇ ಅಡವಿಯಪ್ಪ. ಅವನದೂ ಅದೇ ಗಾಡಿ, ಅದೇ ನ್ಯೂಟ್ರಲ್ಲು. ಗೇರಿನ ಹಲ್ಲು ಇನ್ನೆಷ್ಟು ಉಳಿದಿದ್ದಾವು?

ಚನ್ನೇಶ ಗೇರ್ ಬಾಕ್ಸು ಹಾಕಿಸಿಕೊಂಡ. ಮುಂದಿನ ಭಾನುವಾರವೇ ಅಮೃತೂರಿಗೆ ಬಸ್ಸು ಹತ್ತಿದ.

ಅಕ್ಕ ಬಡಿಸಿದ ಅಕ್ಕಿರೊಟ್ಟಿ ಮುರಿಯುತ್ತ, ಭಾವನಿಗೆ ಕೇಳುವ ಹಾಗೆ, "ಅಕ್ಕ, ಅಂಜಿನಪ್ಪನ ಗ್ಯಾರೇಜಲ್ಲಿ ಒಂದು ಇಂಜಿನ್ ಬಂದದೆ. ಏನ್ ಬಲ ಅಂತೀಯ! ನಾನೇ ಹಾಕಿಸ್ಬೇಕು ಅಂತಿದ್ದೆ, ಸಂಬಳ ಬರ್ಲಿ ಅಂತ ಕಾಯ್ತಿದೀನಿ" ಅಂದ.

"ನಿನ್ ಸಂಬಳಕ್ಕೆ ಇಂಜಿನ್ ಅಲ್ಲ ಕಣ್ಲಾ, ಹಾರನ್ ಬರ್ತದೆ" ಅಂದ ಪ್ರಭುದೇವ, ಮಜ್ಜಿಗೆ ಸುರಿದುಕೊಂಡು.

"ಹೌದು ಭಾವ" ಅಂದ ಚನ್ನೇಶ, ತಲೆ ತಗ್ಗಿಸಿ.

ವಾರದೊಳಗೆ ಅಂಜಿನಪ್ಪ ಫೋನ್ ಮಾಡಿದ. "ಇಂಜಿನ್ ನಿಮ್ ಭಾವ ತಗಂಡೋದ್ರು. ಕುಣಿಗಲ್ಲಲ್ಲೇ ಕೂರಿಸ್ತಾರಂತೆ. ಗೇರ್ ಬಾಕ್ಸ್ ಒಂದ್ಸಲ ಬಿಚ್ಚಿ ನೋಡ್ಸಿ ಅಂದೆ. ಬೆಣ್ಣೆ ಇದ್ದಂಗೈತೆ ಅಂದ್ರು. ನೀನಾದ್ರೂ ಹೇಳ್ಬಾರ್ದಾ?"

"ಬಾಮೈದ ಆದೋನು ಭಾವಂಗೆ ಬುದ್ಧಿ ಹೇಳಾಕಾಯ್ತದಾ ಅಣ್ಣ?"

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಚನ್ನೇಶ ಅದನ್ನು ತನಗೇ ನಾಲ್ಕು ಸಲ ಹೇಳಿಕೊಂಡ.

ದಾಸೋಹದ ಬೆಳಿಗ್ಗೆ ಅವ್ವ ಕಲ್ಲಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕುಂಬಳಕಾಯಿ ತುಂಬಿದ ಗಾಡಿಯಲ್ಲಿ ಏರಿನ ಬುಡಕ್ಕೆ ಬಂದಾಗ ಹಿಂದಿನಿಂದ ಗುಡುಗು ಕೇಳಿಸಿತು. ಪ್ರಭುದೇವ ಹಾರನ್ ಒತ್ತಿಕೊಂಡೇ ಪಕ್ಕದಲ್ಲಿ ಹಾದ. ಕಿಟಕಿಯಿಂದ ಕೈ ಹೊರಹಾಕಿ, "ಹಗ್ಗ ತಂದಿದ್ದೀಯೇನ್ಲಾ?" ಎಂದು ಕೂಗಿದ. ಅವನ ಪಕ್ಕ ಕೂತ ನಂದಿತಾ ತಮ್ಮನಿಗೆ ಕೈಬೀಸಿದಳು.

"ಹೋಗ್ಲಿ ಬುಡು ಮಗ, ಭಾವ ತಾನೆ" ಅಂದಳು ಕಲ್ಲಮ್ಮ.

"ಹೋಗ್ಲಿ ಅಂತಾನೇ ಬಿಟ್ಟಿದೀನಿ ಅವ್ವ."

ನಡು ಏರಿನಲ್ಲಿ, ಹೋದ ವರ್ಷದ ಜಾಗಕ್ಕಿಂತ ಒಂದು ಮಾರು ಮೇಲೆ, ಮುಂದಿನ ಗಾಡಿಯ ಹೊಟ್ಟೆಯಲ್ಲಿ ಪಟಾರ್ ಎಂದಿತು. ಇಂಜಿನ್ನು ಹುಲಿಯ ಹಾಗೆ ಗರ್ಜಿಸುತ್ತಲೇ ಇತ್ತು, ಚಕ್ರ ಮಾತ್ರ ಅಲುಗಲಿಲ್ಲ. ಇಳಿದು ಕಲ್ಲು ಕೊಡಲು ಹೋದ ನಂದಿತಾಳ ಕೈಯಿಂದ ಕಲ್ಲು ತೆಗೆದುಕೊಂಡು ಚನ್ನೇಶನೇ ಚಕ್ರಕ್ಕೆ ಕೊಟ್ಟ. ಗಾಡಿಯನ್ನು ಮುಂದಕ್ಕೆ ತಂದು ನಿಲ್ಲಿಸಿ, ಸೀಟು ಎತ್ತಿ, ನೀಲಿ ಹಗ್ಗ ತೆಗೆದ. ಹಬ್ಬಕ್ಕೆ ತೋರಣ ಕಟ್ಟುವವನ ಹಾಗೆ ಗಂಟು ಹಾಕಿದ.

ನಂದಿತಾ ಆ ಹಗ್ಗವನ್ನೂ ತಮ್ಮನ ಮುಖವನ್ನೂ ನೋಡಿದಳು.

"ಚನ್ನ, ಅಷ್ಟು ಚೆನ್ನಾಗಿದ್ದ ಇಂಜಿನ್ನ ನೀನ್ಯಾಕೋ ಹಾಕಿಸ್ಕೊಳ್ಲಿಲ್ಲ?"

ಚನ್ನೇಶ ಗಂಟನ್ನು ಇನ್ನೊಮ್ಮೆ ಬಿಗಿದ.

ಮೊದಲನೇ ಗೇರಿನಲ್ಲಿ ಎರಡು ಊರಿನ ಭಾರ ಹೊತ್ತು ಗಾಡಿ ಒಂದೇ ಸಮನೆ ಏರಿತು. ಗೇರ್ ಬಾಕ್ಸು ಉಸಿರೆತ್ತಲಿಲ್ಲ. ಅಂಗಳದಲ್ಲಿ ಅವನ ಗಾಡಿಗೆ ಹಾರ ಬಿತ್ತು. ಮೈಕಿನವನು ಹೋದ ವರ್ಷದವನೇ. "ಹಾಗಲವಾಡಿಯ ಸದ್ಭಕ್ತರು ಬಂದಿದ್ದಾರೆ, ಅವರು ಎಳೆದುಕೊಂಡು ಬಂದ ಅಮೃತೂರಿನ ಸದ್ಭಕ್ತರೂ ಬಂದಿದ್ದಾರೆ." ಉಪ್ಪಿಟ್ಟಿನ ಪಂಕ್ತಿಯಲ್ಲಿ ತಲೆಗಳು ಎದ್ದವು, ನಗು ಎದ್ದಿತು. ಚನ್ನೇಶನಿಗೆ ಕಾರ್ಖಾನೆಯ ಬೋನಸ್ಸು ಕೂಡ ಇಷ್ಟು ಹಿತ ಕೊಟ್ಟಿರಲಿಲ್ಲ. ಪ್ರಭುದೇವ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡು ಬಾನೆಟ್ಟಿನ ಪಕ್ಕ ನಿಂತಿದ್ದ. ಚನ್ನೇಶ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಎರಡೂ ಕೈಯಿಂದ ಭಾವನಿಗೆ ಕೊಟ್ಟ. ಮರ್ಯಾದೆ ಬಿಡಬಾರದಲ್ಲ.

"ಇಟ್ಕಳಿ ಭಾವ, ಮುಂದಿನ್ ವರ್ಷಕ್ಕೂ ಬೇಕಾಯ್ತದೆ."

ಪ್ರಭುದೇವ ಹಗ್ಗ ತೆಗೆದುಕೊಂಡ. ನಂದಿತಾ ಅದನ್ನು ಗಂಡನ ಕೈಯಿಂದ ಎತ್ತಿ ತಮ್ಮನ ಹೆಗಲಿಗೆ ಹಾಕಿದಳು.

"ಮುಂದಿನ್ ವರ್ಷಕ್ಕಲ್ಲ, ಈಗಲೇ ಬೇಕು. ಊಟ ಮಾಡಿ ಕಟ್ಟು. ಅಮೃತೂರಿನ ತನಕ ನೀನೇ ಎಳಿ."

"ಅಕ್ಕ, ನಾಳೆ ಬೆಳಿಗ್ಗೆ ಶಿಫ್ಟು..."

"ಒಂದ್ ವರ್ಷ ಕಾದಿದೀಯಲ್ಲ, ಒಂದಿನ ರಜಾ ಹಾಕು."

ಮಧ್ಯಾಹ್ನದ ಪಂಕ್ತಿಯಲ್ಲಿ ಪಾಯಸ ಬಂತು. ಚನ್ನೇಶನಿಗೆ ಸಿಹಿ ಗೊತ್ತಾಗಲಿಲ್ಲ, ಆದರೂ ಎರಡು ಸಲ ಹಾಕಿಸಿಕೊಂಡ. ಗೆದ್ದವನು ಕಡಿಮೆ ತಿನ್ನಬಾರದು.

ಮಠದ ಇಳಿಜಾರಿಗೆ ಗಾಡಿ ಮೂತಿ ತಗ್ಗಿಸಿತು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ತೂಕಡಿಸುವ ಕಲ್ಲಮ್ಮ, ಹಿಂದೆ ಹಗ್ಗದ ತುದಿಯಲ್ಲಿ ಭಾವನ ದೊಡ್ಡ ಇಂಜಿನ್ನು. ಅಭ್ಯಾಸಬಲ, ಚನ್ನೇಶನ ಎಡಗೈ ತಾನಾಗೇ ಗೇರಿನ ಕೋಲಿಗೆ ಹೋಯಿತು, ನ್ಯೂಟ್ರಲ್ಲಿಗೆ ಬಿಡಲು. ಕನ್ನಡಿಯಲ್ಲಿ ನೋಡಿದ. ಹಿಂದಿನ ಗಾಡಿಯಲ್ಲಿ ಬ್ರೇಕು ತುಳಿದು ಕೂತ ಭಾವನ ಪಕ್ಕ ನಂದಿತಾ, ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದಳು.

ಚನ್ನೇಶ ಕೈ ತೆಗೆದ. ಎರಡನೇ ಗೇರಿನಲ್ಲೇ ಅಮೃತೂರಿನ ದಾರಿ ಹಿಡಿದ.